ಹೊಸ ಚೆಂಡು ಯಾರಿಗೆ

ಸಂಕ್ರಾಂತಿ ಕಳೆದ ಒಂಬತ್ತನೇ ದಿನಕ್ಕೆ ಟೂರ್ನಿಮೆಂಟು.
ಅಲ್ಲೀಗಂಟ ನನ್ನಂಗಡೀಲಿ
ಹಾಲಿಗಿಂತ ಮೊದಲು ಮಾತು ಉಕ್ತದೆ.

ಷುಗರ್ ಫ್ಯಾಕ್ಟ್ರಿ ಬೂದಿ ಬೆಂಚಿನ ಮ್ಯಾಲೆ ಕುಂತಿರ್ತದೆ,
ಅದರ ಮ್ಯಾಲೆ ಇವರು.
ಒಬ್ಬರೂ ಆಡೋರಲ್ಲ.
ಆಡೋರು ಗದ್ದೇಲೋ ಗ್ಯಾರೇಜಲ್ಲೋ ಅವರೆ, ಇವರು ಆಡಿಸೋರು:
ನೀರುಗಂಟಿ ದಾಳೇಗೌಡ್ರು, ಪಂಚರ್ ಅಂಗಡಿ ಇಮ್ತಿಯಾಜು,
ರಿಟೈರಾದ ಡ್ರಿಲ್ ಮಾಸ್ಟ್ರು ಪುಟ್ಟಮಾದಯ್ಯ,
ಮತ್ತೆ ಚೆಲುವರಾಜ, ಮೂರು ವರ್ಸದ ಹಿಂದೆ
ಫೈನಲ್ಲಲ್ಲಿ ಒಂದು ಕ್ಯಾಚು ಬುಟ್ಟೋನು,
ಇವತ್ತಿಗೂ ಗ್ಲಾಸನ್ನ ಎರಡು ಕೈಲಿ ಹಿಡಿಯೋನು.

ದಾಳೇಗೌಡ್ರು ಕಿವಿ ಸಂದಿಯಿಂದ ಪೆನ್ಸಿಲ್ ತೆಗೆದು
ನನ್ನ ಬಾಕಿ ಬುಕ್ಕಿಂದ ಒಂದು ಹಾಳೆ ಹರೀತಾರೆ.
ಹಾಳೆ ಹಿಂದೆ ಅವರದೇ ಲೆಕ್ಕ, ನೂರಾ ಎಂಟು ರೂಪಾಯಿ.
ಅದು ನಂಗೂ ಗೊತ್ತು, ಅವರಿಗೂ ಗೊತ್ತು.

"ಓಪನಿಂಗು ಕೆಂಪರಾಜೂನೇ."
"ಬುಡ್ಲಾ, ಮೊದಲ ಬಾಲಿಗೇ ಕಬ್ಬು ಕಡಿಯಾಕೆ ಬಂದೋನಂಗೆ ಬೀಸ್ತಾನೆ."
"ಬೀಸ್ಲಿ. ಕೆರಗೋಡಿನೋರ ಮ್ಯಾಲೆ ನಲವತ್ತೆರಡು ಯಾರಪ್ಪ ಹೊಡೆದಿದ್ದು?"
"ಇವನು ಹೊಡೆದಿದ್ದಲ್ಲ, ಅವರು ಬುಟ್ಟಿದ್ದು. ನಾಕು ಕ್ಯಾಚು."
ಕ್ಯಾಚು ಅಂದೇಟ್ಗೆ ಚೆಲುವರಾಜ
ಟೀ ಒಳಗೆ ಏನೋ ಬಿದ್ದದೆ ಅನ್ನೋ ಹಂಗೆ ನೋಡ್ತಾನೆ.

ನೀರುಗಂಟಿ ನ್ಯಾಯ ಬೇರೆ:
"ನಾಲೆ ನೀರು ಕಣ್ರಪ್ಪ ಬ್ಯಾಟಿಂಗು.
ಮೊದಲ ಗದ್ದೆಯೋನು ಹೊಟ್ಟೆ ತುಂಬ ಕುಡಿದರೆ
ಕಡೇ ಗದ್ದೆಯೋನಿಗೆ ಕೆಸರೂ ಸಿಗಾಕಿಲ್ಲ.
ನಾಕನೇ ನಂಬರಿಗೆ ತಾಳ್ಮೆ ಇರೋನು ಬೇಕು,
ರಾತ್ರಿ ಎಲ್ಡು ಗಂಟೇಲಿ ತೂಬಿನತ್ರ
ಲಾಟೀನು ಹಿಡ್ಕಂಡು ನಿಂತ್ಕಳೋ ಅಂಥೋನು."
"ಅಂಥೋನು ಯಾರವ್ರೆ ಈಗ?" ಅಂತಾನೆ ಇಮ್ತಿಯಾಜು.
ಯಾರೂ ಇಲ್ಲ. ಒಡೇರ ಹುಡುಗನ ಹೆಸರು ಬರೆದು,
ಹೊಡೆದು, ಮತ್ತೆ ಬರೀತಾರೆ.

ಬೌಲಿಂಗಿಗೆ ಬಂದ್ರೆ ಮಾತಿಲ್ಲ.
ಹೊಸ ಚೆಂಡು ಅಂಕನಾಥಂಗೆ.
ನೀರಿನ ಟ್ಯಾಂಕಿನ ಕಡೆಯಿಂದ ಓಡಿ ಬತ್ತಾನೆ, ಎಡಗೈ,
ಚೆಂಡು ಮೂಲೆಮನೆ ನಾಯಿ ಥರ
ಎತ್ತಲೋ ಹೋಗ್ತಾ ಇರ್ತದೆ, ಇದ್ದಕ್ಕಿದ್ದಂಗೆ
ನಿನ್ನ ಕಾಲಿಗೇ ಬತ್ತದೆ.
ಮಾಸ್ಟ್ರು ಕಲಿಸಿದ್ದಲ್ಲ ಅದು. "ನಾನು ಕೆಡಿಸಲಿಲ್ಲ, ಅಷ್ಟೇ"
ಅಂತ ಪ್ರತಿ ವರ್ಸ ಒಂದು ಸಲ ಯೋಳ್ತಾರೆ.

ಆಗಲೇ ಅವನೇ ಬಂದ.
ರಾತ್ರಿಯೆಲ್ಲ ಕಬ್ಬಿನ ಲಾರಿ ಲೋಡು ಮಾಡಿ
ಮೈಯೆಲ್ಲ ಸೋಗೆ ಗೀರು.
ಆರು ವರ್ಸದಿಂದ ನಾನು ಮಡಗೋ ಹಂಗೇ
ಗ್ಲಾಸು ಅವನ ಎಡಗಡೆಗೆ ಮಡಗಿದೆ.
ಅವನು ಸೊಂಟ ತಿರುಗಿಸಿ, ಬಲಗೈ ಚಾಚಿ, ಎತ್ಕಂಡ.
ಎಡಗೈ ತೊಡೆ ಮ್ಯಾಲೆ ಮಲಗಿತ್ತು,
ಬೇರೇರ ಮನೆ ಕೂಸನ್ನ ಒಸಿ ಹೊತ್ತು ಇಸ್ಕಂಡಂಗೆ.

ಮಾಸ್ಟ್ರು ಕೇಳಿದ್ರು, "ತೋಳು ಹೆಂಗದಪ್ಪ?"
"ಚೆನ್ನಾಗದೆ ಸಾ."
ಸ್ಟವ್ ಸದ್ದು ಅಷ್ಟು ಜೋರು ಅಂತ
ನಂಗೆ ಅವತ್ತೇ ಗೊತ್ತಾಗಿದ್ದು.

ಕಾಸು ಮಡಗಿ ಹೋದ. ಅದೂ ಬಲಗೈಲಿ.
ದಾಳೇಗೌಡ್ರು ಪೆನ್ಸಿಲ್ ತುದಿ ನೆಕ್ಕಿದರು,
ಹೆಸರು ಹೊಡೀಲಿಲ್ಲ.
ಇಮ್ತಿಯಾಜು ಇಲ್ಲದ ನೊಣ ಓಡಿಸಿದ.
ಕಡೇಗೆ ಚೆಲುವರಾಜ, ಎರಡು ಕೈಲಿ ಗ್ಲಾಸು ಹಿಡ್ಕಂಡೇ,
"ಎಲ್ಡನೇ ಓವರು ಯಾರಿಗೆ?" ಅಂದ.

ಅದುಕ್ಕೆ ಬಿದ್ದರು ನೋಡು ಜಗಳಕ್ಕೆ!
ಎಲ್ಡನೇ ಓವರಿಗೆ ಐದು ಹೆಸರು,
ಗಾಳಿ ಯಾವ ದಿಕ್ಕು, ಟ್ಯಾಂಕಿನ ನೆರಳು ಎಷ್ಟೊತ್ತಿಗೆ ಬೀಳ್ತದೆ,
ಯಾರ ಮೊಣಕಾಲು, ಯಾರ ಮದುವೆ ದಿನ.
ಇಡೀ ಟೂರ್ನಿಮೆಂಟು ಅದೊಂದೇ ಓವರಲ್ಲಿ ಅದೆ ಅನ್ನೋ ಹಂಗೆ.
ಮೊದಲನೇದ್ರ ಮಾತು ಯಾರೂ ಎತ್ತಲಿಲ್ಲ.

ನನ್ನ ಯಾರೂ ಕೇಳಾಕಿಲ್ಲ, ಟೀ ಸೋಸೋಳು.
ನಾಳೆ ಅವನು ಬಂದರೆ
ಗ್ಲಾಸು ಎಡಗಡೆಗೇ ಮಡಗ್ತೀನಿ.
ಇನ್ನೂ ಹದಿನಾಕು ದಿನ ಅದೆ.