ಹಸಿರು ಪೆನ್ಸಿಲು

ಮುಲುಂಡಿನಿಂದ ಎಂಟು ಹನ್ನೆರಡರ ಸ್ಲೋ.
ಫಾಸ್ಟ್ ಹಿಡಿದು ಭಾಯಖಳಾದಲ್ಲಿ ಬದಲಿಸಿದರೆ
ಹತ್ತು ನಿಮಿಷ ಉಳಿತಾಯ, ಆರು ಪುಟ ನಷ್ಟ.
ಲೆಕ್ಕ ಬರೆಯುವವಳು ನಾನು,
ಮಸೀದಿ ಬಂದರಿನ ಜೀರಿಗೆ ಸೇಠನ ಗೋದಾಮಿನಲ್ಲಿ.
ಇಷ್ಟಾದರೂ ತಿಳಿಯಬೇಡವೇ?

ಲೇಡೀಸ್ ಡಬ್ಬಿ. ನಾಲ್ಕನೇ ಸೀಟಿನ ಅರ್ಧ ನನ್ನದು.
ಎದುರಿಗೆ ಒಬ್ಬಳು ಬಟಾಣಿ ಸುಲಿಯುತ್ತಾಳೆ,
ಪಕ್ಕದವಳು ಸೊಸೆಯನ್ನು.
ನನ್ನ ತೊಡೆಯ ಮೇಲೆ ಒಂದು ಹೆಣ:
ಗಿರಗಾಂವ್, ಪ್ಲೇಗಿನ ವರ್ಷ, ಗ್ಯಾಸ್ ದೀಪ,
ಅಚ್ಚುಕೂಟದ ಧಣಿ ಸೀಸದ ಮೊಳೆಗಳ ಮೇಲೆ ಬೋರಲು.
ಕೆನ್ನೆಯಲ್ಲೊಂದು ಳ, ಸ್ಪಷ್ಟವಾಗಿ ಮೂಡಿದೆ.

ಬಾಗಿಲಲ್ಲಿ ಒದ್ದೆ ಕೊಡೆ ಮಡಿಸುತ್ತಿರುವವರು ಯಾರು?
ನಮ್ಮ ಐದನೇ ಕ್ಲಾಸಿನ ಹದಿನಾಲ್ಕನೇ ಪಾಠ!
ಮಹಾಕವಿಗಳು.
ಜನ್ಮಸ್ಥಳ, ಬಿರುದು, ಕೃತಿಗಳು (ಯಾವುದಾದರೂ ಮೂರು).
ಅವರ ಹೆಸರಿನ ದೀರ್ಘ ತಪ್ಪಿ
ಮುನಿಸಿಪಾಲಿಟಿ ಶಾಲೆಯ ಬೆಂಚಿನ ಮೇಲೆ ನಿಂತವಳು ನಾನು.
ಪೇಟ ಸುತ್ತಿ ಗೋಡೆಯಿಂದ ಯಾರನ್ನೂ ನೋಡದಿದ್ದವರು
ಈಗ ಮಂಡಿಯೂರಿ ಮಂಚದಡಿ ತೂರಿ
ಅಂಗಿಯ ಗುಂಡಿಯೊಂದನ್ನು ಹುಡುಕುತ್ತಿದ್ದಾರೆ.
ಸೀನುತ್ತಾರೆ. ನಶ್ಯಕ್ಕೆ ಸಾಲ ಕೇಳುತ್ತಾರೆ.
ಟ್ರಾಮಿನ ಕುದುರೆಗೆ ಹೆದರುತ್ತಾರೆ.
ಅವರ ಮರಾಠಿಯಲ್ಲಿ ಲಿಂಗ ತಪ್ಪಿದಾಗಲೆಲ್ಲ
ಫೌಜದಾರನ ಮೀಸೆ ಅಲುಗುತ್ತದೆ.

ನಿಜಕ್ಕೂ ಅವರು ಮುಂಬಯಿಗೆ ಬಂದಿದ್ದರೇ?
ಬಂದಿರಲಿಕ್ಕಿಲ್ಲ.
ಬರಬೇಕಿತ್ತು.

ಸತ್ತವನ ಮುಷ್ಟಿಯಲ್ಲಿ ಪತ್ರ, ಭಾಮಿನಿಯಲ್ಲಿ ಬರೆದ ವಿದಾಯ.
ಆತ್ಮಹತ್ಯೆ ಎಂದ ಫೌಜದಾರ. ಡಾಕ್ಟರರೂ ಹೌದೆಂದರು.
ಕವಿಗಳು ಬೆರಳು ಮಡಿಸಿ ಎಣಿಸಿದರು.
ಮೂರನೇ ಸಾಲಿನಲ್ಲಿ ಒಂದು ಮಾತ್ರೆ ಕಮ್ಮಿ.
'ಸಾಯುವವನು ಅಳಬಹುದು ಸ್ವಾಮಿ.
ಇಪ್ಪತ್ತು ವರ್ಷ ನನ್ನ ಪ್ರೂಫು ತಿದ್ದಿದವನು ಇವನು,
ಎಣಿಕೆ ತಪ್ಪಲಾರ. ಇದು ಕೊಲೆ.'
ಕುರ್ಲಾದ ಗದ್ದಲದಲ್ಲಿ ನಾನು ಚಪ್ಪಾಳೆ ತಟ್ಟಿಬಿಟ್ಟೆ.
ಬಟಾಣಿಯವಳು ಚೀಲ ಎಳೆದುಕೊಂಡು ಜರುಗಿ ಕೂತಳು.

ಆದರೆ ನಲವತ್ತೊಂದನೇ ಪುಟದ ಅಂಚಿನಲ್ಲಿ ಹಸಿರು ಪೆನ್ಸಿಲು:
'ಗುಮಾಸ್ತನೇ ಕೊಲೆಗಾರ. ಸಂಶಯವಿಲ್ಲ.'
ಎಪ್ಪತ್ತರಲ್ಲಿ: 'ಗುಮಾಸ್ತನಲ್ಲ. ಅಳಿಯ.'
ನೂರಹನ್ನೆರಡರಲ್ಲಿ: 'ಅಯ್ಯೋ, ಅಳಿಯನೂ ಸತ್ತ.'

ಹನ್ನೊಂದು ಕಾದಂಬರಿ, ಹನ್ನೊಂದರಲ್ಲೂ ಅದೇ ಹಸಿರು.
ಕನ್ನಡ ಸಂಘದ ಕಪಾಟು, ಹಿಂಬದಿಯ ಕಾರ್ಡು,
ನನ್ನ ಹೆಸರಿನ ಮೇಲೆ ಪ್ರತಿ ಸಲವೂ ಒಂದೇ ಹೆಸರು: ಎಸ್. ಕುಂದರ್.
'ಬುಧವಾರ ಸಂಜೆ ಬರುತ್ತಾರೆ' ಎಂದು ಜಾರಪ್ಪ ಮಾಸ್ತರರು
ಕನ್ನಡಕ ಒರೆಸಿದರು. ಮುಂದೆ ತುಟಿ ಬಿಚ್ಚಲಿಲ್ಲ.

ಸರಿ. ನಾನೂ ಮಂಡಿಯೂರಿದೆ.
ನಾಲ್ಕನೆಯದರಲ್ಲಿ ದರ್ಜಿಯ ಸೀಮೆಸುಣ್ಣ, ನೀಲಿ.
ಏಳನೆಯದರಲ್ಲಿ ಗುಂಡುಸೂಜಿಯ ತೂತು.
ಅಕ್ಷರ ಅಲ್ಲಲ್ಲಿ ಹಠಾತ್ತನೆ ನಡುಗುತ್ತದೆ,
ಸಯಾನ್ ದಾಟಿ ಹಳಿ ಬದಲಾಗುವಾಗ ನಡುಗಿದಂತೆ.

ಹನ್ನೆರಡನೆಯದು ಹೊಸದಾಗಿ ಬಂತು.
ಮಾಸ್ತರರನ್ನು ಕಾಡಿ ಬೇಡಿ ಮೊದಲು ನಾನೇ ಒಯ್ದೆ.
ಓದಿ ಮುಗಿಸಿ, ಆಫೀಸಿನ ಕೆಂಪು ಪೆನ್ಸಿಲು ಹೆರೆದು,
ಮೂವತ್ತನೇ ಪುಟದಲ್ಲಿ ಬರೆದೆ: 'ನಾದಿನಿ.'
ಶುದ್ಧ ಸುಳ್ಳು. ನಾದಿನಿ ಪಾಪ ಬರೀ ಚಹಾ ತಂದವಳು.
ಪುಸ್ತಕ ಹಿಂತಿರುಗಿಸಿ ಎರಡು ಭಾನುವಾರ ಕಾದೆ.
ಅಂಥ ನಿದ್ದೆಗೇಡು ಮದುವೆಯ ಹೊಸತರಲ್ಲೂ ಇರಲಿಲ್ಲ.

ಕೆಂಪಿನ ಕೆಳಗೆ ಹಸಿರು:
'ನಾದಿನಿಯಲ್ಲ, ನಿಮಗೂ ಗೊತ್ತು.
ಪುಟಗಳಲ್ಲಿ ಜೀರಿಗೆಯ ಘಮ.
ಚಪ್ಪಾಳೆ ಸ್ವಲ್ಪ ಮೆಲ್ಲಗೆ ತಟ್ಟಿ.'

ಇವತ್ತು ಸಯಾನ್ ದಾಟುವಾಗ
ಹೆಣವನ್ನು ಅಲ್ಲೇ ಬಿಟ್ಟು ತಲೆಯೆತ್ತಿದೆ.
ಹಳಿ ಬದಲಾಯಿತು. ಚೀಲ ಜಾರಿತು.
ಒಂದು ಬಟಾಣಿ ಉರುಳಿಕೊಂಡು ಬಂದು ನನ್ನ ಪುಟದಲ್ಲಿ ನಿಂತಿತು.
ಎತ್ತಿಕೊಳ್ಳಲು ಚಾಚಿದ ಬೆರಳ ತುದಿ
ನೀಲಿ.