ಮಫ್ತಿ

ಲಾಕಪ್ಪಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ
ಒಂದು ನೀಲಿ ಚೌಕಳಿ ಅಂಗಿ.
ಎಡ ಜೇಬಿಗೆ ಗುಂಡಿ ಇಲ್ಲ.
ಬಸರಾಳು ಠಾಣೆಯಲ್ಲಿ ಅದಕ್ಕೆ ‘ಮಕ್ಕಳ ಅಂಗಿ’ ಎಂದೇ ಹೆಸರು,
ಅಳತೆ ಮಾತ್ರ ನನ್ನದು, ನಲವತ್ತನಾಲ್ಕು.

ಸೋಮವಾರ ಒಂಬತ್ತಕ್ಕೆ ಅವನನ್ನು ಕರಕೊಂಡು ಬಂದರು,
ಕರಕೊಂಡು ಎಂದರೆ ಕಾಲರ್ ಹಿಡಿದು.
ಗೊಬ್ಬರದ ಚೀಲದಲ್ಲಿ ಆರು ಮೀಟರ್ ಪಂಪಿನ ಕೇಬಲ್ಲು,
ಅರ್ಧ ಸುಲಿದದ್ದು. ತಾಮ್ರ ಹೊಸ ಬೆಲ್ಲದ ಹಾಗೆ ಹೊಳೆಯುತ್ತಿತ್ತು.
ಮೋಟರಿನ ದ್ಯಾವಣ್ಣ ಬೆವರೊರೆಸಿಕೊಂಡು ಅಂದ:
‘ಬಾಯ್ ಬುಡಾಕಿಲ್ಲ ಸಾ, ನಾಕು ಬುಡಿ, ಎಲ್ಲಾ ಕಕ್ತಾನೆ.’

ಒಳಗೆ ಹೋಗಿ ಬಟ್ಟೆ ಬದಲಿಸಿದೆ.
ಬಿಲ್ಲೆ, ಬೆಲ್ಟು, ಟೋಪಿ ಮೇಜಿನ ಮೇಲೆ.
ಬಂದು ಬೆಂಚಿನಲ್ಲಿ ಎದುರು ಕೂತೆ.
ಏನಪ್ಪ ನಿನ್ನ ಹೆಸರು?
ಅವನು ನನ್ನ ಮುಖ ನೋಡಲಿಲ್ಲ.
ಕಾಲು ನೋಡಿದ.
ಬೂಟು ಮರೆತಿದ್ದೆ.

ಬಿಚ್ಚಿದೆ. ಬಗ್ಗಲು ಹೊಟ್ಟೆ ಬಿಡಲಿಲ್ಲ, ಉಸಿರು ಕಟ್ಟಿತು,
ಹುಡುಗ ತುಟಿ ಕಚ್ಚಿಕೊಂಡ, ನಗು ತಡೆಯಲಿಕ್ಕಿರಬೇಕು.
ಬರಿಗಾಲಲ್ಲಿ ಕೂತ ಮೇಲೆ ಹೆಸರು ಹೇಳಿದ.

ಅದನ್ನು ನಾನಿಲ್ಲಿ ಬರೆಯುವುದಿಲ್ಲ.
ಪೇಪರಿನವನು ಫೋನ್ ಮಾಡಿದ, ಅವನಿಗೂ ಹೇಳಲಿಲ್ಲ.

ವಯಸ್ಸಿಗೆ ಶಾಲೆಗೆ ಹೋದೆ.
ಹೆಡ್ ಮೇಷ್ಟ್ರು ದಾಖಲಾತಿ ಪುಸ್ತಕ ತಿರುವಿದರು:
ಜೂನ್ ಒಂದು. ಅವನ ಮೇಲಿನವನೂ ಜೂನ್ ಒಂದು,
ಕೆಳಗಿನವಳೂ. ಇಡೀ ತರಗತಿ
ಒಂದೇ ದಿನ ಹುಟ್ಟಿದೆ, ಒಂದೇ ಶಾಯಿಯಲ್ಲಿ.
ಹದಿಮೂರು ತುಂಬಿದೆ ಅಂತಾಯಿತು.
ಸುಳ್ಳೋ ನಿಜವೋ, ಹುಡುಗನ ಬೆನ್ನಿಗೆ ನಿಂತ ತಾರೀಖು ಅದು.

ಎಫ್‌ಐಆರ್ ಇಲ್ಲ, ಡೈರಿಯಲ್ಲಿ ಅರ್ಧ ಪುಟ.
ಕೋಳ ಇಲ್ಲ. ಲಾಕಪ್ಪಿನ ಬಾಗಿಲು ತೆರೆದೇ ಇತ್ತು, ಒಳಗೆ ಬರೀ ಪೊರಕೆ.
‘ಸಹಿ ಎಲ್ಲಾಕ್ಬೇಕು? ನಂಗೆ ಇಂಗ್ಲಿಷ್ನಾಗೂ ಬತ್ತದೆ.’
ನಿನ್ನ ಸಹಿ ಬೇಡ ಮಗ ಅಂದೆ. ಮುಖ ಸಣ್ಣಗಾಯಿತು.

ತಾಯಿ ಗಾರ್ಮೆಂಟ್ಸಿನಲ್ಲಿ, ಫೋನು ಗೇಟಿನ ಡಬ್ಬದಲ್ಲಿ.
ನಾಲ್ಕು ಸಲ ರಿಂಗಾಗಿ ನಿಂತಿತು. ಐದನೇ ಸಲ ಸೆಕ್ಯುರಿಟಿ ಎತ್ತಿದ.
ಯಾರು ನೀವು ಎಂದರೆ ಪೊಲೀಸ್ ಎನ್ನಲು ನಾಲಿಗೆ ಬರಲಿಲ್ಲ.
ಮಗನ ಕಡೆಯವರು, ಅಂದುಬಿಟ್ಟೆ.

ಹೇಳಬಾರದು, ಹೇಳುತ್ತೇನೆ:
ಹತ್ತೊಂಬತ್ತು ವರ್ಷದ ಹಿಂದೆ, ಬೇರೆ ಠಾಣೆ, ಸೈಕಲ್ಲು ಕದ್ದವನು.
ಆಗ ಈ ಅಂಗಿ ಇರಲಿಲ್ಲ. ಕಾನೂನು ಇತ್ತು,
ಬೀರುವಿನಲ್ಲಿತ್ತು, ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.
ಒಂದೇ ಏಟು. ಎಡಗಿವಿ.
ಈಗವನು ಮಂಡ್ಯದ ನೂರಡಿ ರಸ್ತೆಯಲ್ಲಿ ಎಳನೀರು ಮಾರುತ್ತಾನೆ.
ಎಷ್ಟಪ್ಪ ಎಂದರೆ ಬಲಗಿವಿ ತಿರುಗಿಸುತ್ತಾನೆ.
ಚಿಲ್ಲರೆ ಇರಲಿ ಅನ್ನುತ್ತೇನೆ.
ಎಣಿಸಿ ಕೊಡುತ್ತಾನೆ.

ಜೀಪು ಬೇಡವೆಂದು ಒಂದೂವರೆ ಬಸ್ಸು ಹತ್ತಿದೆವು.
ಕಂಡಕ್ಟರ್ ಹುಡುಗನನ್ನು ಮೇಲಿಂದ ಕೆಳಗೆ ಅಳೆದ: ಹಾಫೋ ಫುಲ್ಲೋ?
‘ಫುಲ್ಲು’ ಅಂದ ನನಗಿಂತ ಮೊದಲು, ಎದೆ ಉಬ್ಬಿಸಿ.
ದೊಡ್ಡವನಾಗಲು ಅವನಿಗೆ ಎಂಥ ಅವಸರ.
ಇನ್ನೂ ಹಾಫೇ ಎಂದು ಸಾಧಿಸಲು
ನನ್ನ ಚೀಲದಲ್ಲಿ ಹನ್ನೊಂದು ಹಾಳೆ.
ಕಬ್ಬಿನ ಲಾರಿ ಸಿಕ್ಕಾಗೆಲ್ಲ ಕಿಟಕಿಯಿಂದ ಕೈ ಚಾಚಿದ,
ಒಂದು ಜಲ್ಲೆಯೂ ಸಿಗಲಿಲ್ಲ.
ನಾನು ನೋಡದವನ ಹಾಗೆ ಕೂತಿದ್ದೆ.

ಮಂಡಳಿಯ ಕೋಣೆಯಲ್ಲಿ ಕಟಕಟೆ ಇಲ್ಲ.
ಒಂದು ಮೇಜು, ಐದು ಕುರ್ಚಿ, ಗೋಡೆಯಲ್ಲಿ ಯಾರೋ ಮಕ್ಕಳು ಬರೆದ ನವಿಲು,
ಕಾಲು ಮೂರು.
ಪರಿವೀಕ್ಷಣಾಧಿಕಾರಿ ತಸ್ಮಿಯಾ ಮೇಡಂ ತಾಮ್ರದ ಮಾತೆತ್ತಲಿಲ್ಲ.
ಬೆಳಿಗ್ಗೆ ಏನು ತಿಂದೆ? ರಾತ್ರಿ ಮನೇಲಿ ಯಾರಿರ್ತಾರೆ?
ಆಮೇಲೆ, ಪೆನ್ನು ಕೆಳಗಿಟ್ಟು: ಸುಲಿಯೋದು ಹೇಳಿಕೊಟ್ಟವರು ಯಾರು?
ಹುಡುಗ ನನ್ನ ಕಡೆ ತಿರುಗಿದ, ಮತ್ತೆ ಕಾಲಿನ ಕಡೆ.
ಠಾಣೆ ಗುಡಿಸುವ ಮಾದೇವಿಯ ಗಂಡನ ಹವಾಯಿ ಚಪ್ಪಲಿ,
ಹಿಮ್ಮಡಿ ಎರಡು ಬೆರಳು ಆಚೆಗೆ.
ನೋಡಿದ.
ಹೇಳಲು ಶುರುಮಾಡಿದ.
ನನ್ನನ್ನು ಹೊರಗೆ ಕಳಿಸಿದರು, ಒಳ್ಳೆಯದೇ ಆಯಿತು.

ಐದಕ್ಕೆ ತಾಯಿ ಬಂದಳು, ಕೂದಲಲ್ಲಿ ಬಿಳಿ ನೂಲಿನ ತುಣುಕು.
ಮಗನನ್ನು ಬಾಗಿಲಿಗೆ ಕರೆಸಿದರು. ಮೈಯೆಲ್ಲ ತಡವಿದಳು,
ಕಿವಿ, ಬೆನ್ನು, ಅಂಗೈ, ಮೊಣಕಾಲು,
ಎಲ್ಲೂ ಏನೂ ಸಿಗದೆ ಇನ್ನಷ್ಟು ಹೆದರಿದಳು.
ಆಮೇಲೆ ಅವಳ ಕಣ್ಣು ನನ್ನ ಜೇಬಿಗೆ ಬಂತು,
ಗುಂಡಿ ಇಲ್ಲದ ಜಾಗಕ್ಕೆ.
‘ಯಾರ್ಲಾ ಇವ್ರು?’

ಹುಡುಗ ಯೋಚಿಸುತ್ತಿದ್ದ.
ಅಷ್ಟರಲ್ಲಿ ಒಳಗಿಂದ ಮತ್ತೆ ಕರೆದರು.