ಹದಿನಾಲ್ಕು ಮಿಲಿಮೀಟರ್

ಮಾರ್ಕೆಟ್ಟಿನ ಮೆಟ್ಟಿಲ ಪಕ್ಕ, ಬೆಳಗಿನ ಐದೂವರೆಗೆ,
ಪಿಳ್ಳಕ್ಕನ ಗೋಣಿತಾಟು ಇನ್ನೂ ಒದ್ದೆ.
ತುಂಬೆ, ಲಕ್ಕಿ, ಒಂದೆಲಗ, ಗರಿಕೆಯ ಕಟ್ಟು.
'ಪೂಜೆಗಾ, ನೆಗಡಿಗಾ?' ಮೊದಲ ಸಲ ಕೇಳಿದ್ದಳು.
ಎರಡೂ ಅಲ್ಲ, ಬೆಳ್ಳಿಗೆ ಅಂದೆ.
'ಬೆಳ್ಳಿ ತೊಳೆಯೋಕೆ ಹುಣಸೆಹಣ್ಣು ಕಣವ್ವ' ಅಂದು
ಒಂದು ಹಿಡಿ ತುಂಬೆ ಜಾಸ್ತಿ ಹಾಕಿದಳು.

ಜ್ಞಾನಭಾರತಿಯ ಬಸ್ಸಿನಲ್ಲಿ ತೊಡೆಯ ಮೇಲೆ ಸೊಪ್ಪು.
ಹತ್ತು ಗ್ರಾಂ ಎಲೆ, ಅರವತ್ತು ಡಿಗ್ರಿ, ಇಪ್ಪತ್ತು ನಿಮಿಷ:
ಲ್ಯಾಬೆಲ್ಲ ಯಾರದೋ ಅಜ್ಜಿಯ ಕಷಾಯದ ವಾಸನೆ.
ಅಟೆಂಡರ್ ಷಡಕ್ಷರಿ ಬಾಗಿಲಲ್ಲೇ ಸೀನುತ್ತಾರೆ.
ಸೋಸಿದ ತಿಳಿಗೆ ಸಿಲ್ವರ್ ನೈಟ್ರೇಟು, ಹನಿ ಹನಿ.
ಆಮೇಲೆ ಕಾಯುವುದು.

ಹುಲ್ಲುಬಣ್ಣ. ಹುಲ್ಲುಬಣ್ಣ.
ಯಾವಾಗಲೋ ಜೇನು. ಸಂಜೆಗೆ ಡಿಕಾಕ್ಷನ್ನು.
ಏನಾಯಿತೆಂದು ಹೇಳಬಲ್ಲೆ: ಎಲೆಯೊಳಗಿನ ಒಗರು
ಬೆಳ್ಳಿ ಕಳಕೊಂಡಿದ್ದ ಎಲೆಕ್ಟ್ರಾನನ್ನು ಮರಳಿಸಿತು,
ಕಣಗಳು ಗುಂಪುಗೂಡತೊಡಗಿದಾಗ ಸುತ್ತ ನಿಂತು
ಸಾಕು, ಇನ್ನು ದೊಡ್ಡದಾಗಬೇಡಿ ಎಂದಿತು.
ಒಂದು ಕೂದಲ ಅಡ್ಡಕ್ಕೆ ಸಾವಿರಾರು ಮಲಗಬಹುದು.
ಇಷ್ಟೆಲ್ಲ ಗೊತ್ತು. ಆದರೂ ಬಣ್ಣ ತಿರುಗುವ ಗಳಿಗೆ
ನನಗೆ ಒಮ್ಮೆಯೂ ಸಿಕ್ಕಿಲ್ಲ.
ಟೀ ಕುಡಿದು ಬರುವಷ್ಟರಲ್ಲಿ ಆಗಿರುತ್ತದೆ.

ಜುಲೈ ಎಲೆಗೆ ನಾನೂರ ಇಪ್ಪತ್ತರಲ್ಲಿ ಶಿಖರ,
ಜನವರಿಯ ಎಲೆಗೆ ದಿಬ್ಬವೂ ಇಲ್ಲ.
'ಕೊಯ್ದ ಜಾಗ ಎಲ್ಲಿ?' ನಫೀಸಾ ಮೇಡಂ
'ಮಾರ್ಕೆಟ್' ಎಂಬುದನ್ನು ಕೆಂಪಲ್ಲಿ ಹೊಡೆದುಹಾಕಿದರು.
ಪಿಳ್ಳಕ್ಕ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ,
ಹೇಳಿದರೆ ನಾಳೆಯಿಂದ ನಾನೇ ಕೊಯ್ದುಕೊಂಡೇನೆಂದು.
ಕೊನೆಗೊಂದು ದಿನ, ಎಲೆಅಡಿಕೆ ಉಗಿದು:
'ಗೋರಿ ಮಗ್ಗುಲು ಕಣವ್ವ. ಮೈಸೂರು ರಸ್ತೆ ಕಡೆ.
ಅಲ್ಲಿ ಯಾರೂ ಔಷಧಿ ಹೊಡೆಯಲ್ಲ, ಯಾರೂ ತುಳಿಯಲ್ಲ.
ಮಳೆ ಬಿದ್ರೆ ಮೊಣಕಾಲುದ್ದ ತುಂಬೆ.'
ನಾನು ಅಕ್ಷಾಂಶ, ರೇಖಾಂಶ ಬರೆದೆ.

ನೈಟ್ರೇಟು ತಾಗಿದ ಬೆರಳು ಬಿಸಿಲಿಗೆ ಕಪ್ಪಾಗುತ್ತದೆ,
ಸೋಪಿಗೆ ಬಗ್ಗದು, ಚರ್ಮವೇ ಉದುರಬೇಕು.
ದುಡ್ಡು ಇಸಕೊಳ್ಳುವಾಗ ನೋಡಿ ನಕ್ಕಳು,
ಅವಳ ಬೆರಳೂ ಹಾಗೇ, ಸೊಪ್ಪಿನ ಕರೆ.
ಅವತ್ತೇ ಸೀರೆಯಂಚು ಎತ್ತಿ ಕಾಲು ತೋರಿಸಿದ್ದು.
ಹೆಬ್ಬೆರಳ ಬುಡ, ಸಕ್ಕರೆ ಕಾಯಿಲೆಯ ಹುಣ್ಣು, ಮೂರು ತಿಂಗಳು.
'ನಿನ್ನ ಕಂದು ನೀರು ಒಸಿ ತಂದ್ಕೊಡವ್ವ.
ನನ್ನ ಸೊಪ್ಪೇ ಅಲ್ವಾ.'

ಹಿಂದಿನ ರಾತ್ರಿಯಷ್ಟೇ ಅಗರ್ ತಟ್ಟೆ ಅಳೆದಿದ್ದೆ:
ರೋಗಾಣು ಹಬ್ಬಿದ ಹಾಲುಬಣ್ಣದ ಹಾಸು,
ನಡುವೆ ನನ್ನ ಹನಿ, ಹನಿಯ ಸುತ್ತ
ಏನೂ ಬೆಳೆಯದ ಬಯಲು. ಹದಿನಾಲ್ಕು ಮಿಲಿಮೀಟರ್.
ಒಬ್ಬಳೇ ಕುಣಿದಿದ್ದೆ.
ಈಗ ಸ್ಕೇಲಿಲ್ಲದೆ ಕಣ್ಣಲ್ಲೇ ಅಳೆದರೆ
ಹುಣ್ಣೂ ಸುಮಾರು ಅಷ್ಟೇ.

ತಟ್ಟೆಗೆ ರಕ್ತವಿಲ್ಲ, ಚಪ್ಪಲಿಯಿಲ್ಲ.
ಇದರ ಮುಂದೆ ಇಲಿ ಇದೆ, ಸಮಿತಿ ಇದೆ, ಸಹಿ ಇದೆ.
ಅಷ್ಟು ಸಣ್ಣದು ಗಾಯದೊಳಗೆ ನುಗ್ಗೀತು, ಸರಿ,
ನುಗ್ಗಿ ಅಲ್ಲೇ ನಿಂತೀತೆಂದು ಯಾರು ಹೇಳಿದರು?
'ಆಗಲ್ಲ ಪಿಳ್ಳಕ್ಕ' ಅಂದೆ.
ಅವಳು ಸೊಪ್ಪಿಗೆ ನೀರು ಚಿಮುಕಿಸಿದಳು.

ರಸ್ತೆ ದಾಟಿದರೆ ವಿಕ್ಟೋರಿಯಾ ಆಸ್ಪತ್ರೆ.
ಹದಿನೆಂಟು ವರ್ಷ ಎದುರಿಗೇ ಕೂತಿದ್ದಾಳೆ.
ಗೋಣಿಯನ್ನು ನಿಂಬೆಹಣ್ಣಿನವನಿಗೆ ಒಪ್ಪಿಸಿ
ಚೀಟಿ ಮಾಡಿಸಿ ನಿಂತೆವು, ಹನ್ನೊಂದೂವರೆಯವರೆಗೆ.
ನರ್ಸು ಡಬ್ಬಿ ತೆರೆದು ಬಿಳಿ ಮುಲಾಮು ಹಚ್ಚಿದರು.
ಡಬ್ಬಿಯ ಹೆಸರು ಓದಿ, ತಡೆದರೂ ನಗು ಬಂತು.
'ಇದರಲ್ಲೂ ಬೆಳ್ಳಿ ಇದೆ ಪಿಳ್ಳಕ್ಕ.'
'ಮೊದ್ಲಿಂದಾನಾ?'
'ಮೊದ್ಲಿಂದಾನೂ.'
'ಹಂಗಾರೆ ನೀ ಮಾಡ್ತಿರೋದು ಏನು?'

ಬಸ್ಸಲ್ಲಿ ಮೂರು ಉತ್ತರ ಹೊಳೆದವು,
ಮೂರೂ ಪ್ರಬಂಧದ ಮೊದಲ ಅಧ್ಯಾಯದವು.

ಮಂಗಳವಾರ, ಶುಕ್ರವಾರ ಡ್ರೆಸಿಂಗು.
ಅವಳು ಬರುವತನಕ ಗೋಣಿತಾಟಿನ ಹಿಂದೆ ನಾನು.
ನಿನ್ನೆ ಒಬ್ಬರು ತುಂಬೆಯ ಕಟ್ಟು ಎತ್ತಿದರು.
ಪೂಜೆಗಾ, ನೆಗಡಿಗಾ, ಕೇಳಿದೆ.
ಉತ್ತರಿಸದೆ ಬೆರಳನ್ನೇ ನೋಡಿದರು.
ಹತ್ತು ರೂಪಾಯಿ ಅಂದೆ.
ಅಮ್ಮ ಆಗಿದ್ದರೆ ಎಂಟಕ್ಕೆ ಕೊಡುತ್ತಿದ್ದರಂತೆ.